ಹೋಗಲು ಒಂದೂವರೆ, ಬರಲು ಆರೂವರೆ

ಸೋಲಾಪುರ ಎಸ್.ಟಿ. ಸ್ಟ್ಯಾಂಡ್,
೯ ನವೆಂಬರ್ ೧೯೭೬, ಮಂಗಳವಾರ

ಪ್ರೀತಿಯ ಮಗಳು ಮಲಕವ್ವನಿಗೆ,

ಅಪ್ಪನ ಆಶೀರ್ವಾದ. ಹುಷಾರಾಗಿದ್ದೀಯಾ? ಕುವೈತಿನ ಆಸ್ಪತ್ರೆಯಲ್ಲಿ ನಿನ್ನ ರಾತ್ರಿ ಪಾಳಿ ಮುಗಿಯಿತೋ ಇಲ್ಲವೋ? ರೋಗಿಗಳಿಗೆ ಹೊತ್ತುಹೊತ್ತಿಗೆ ಉಣ್ಣಿರಿ ಅನ್ನುವ ನರ್ಸುಬಾಯಿ ತಾನು ಮಾತ್ರ ಚಹಾದ ಮೇಲೆ ದಿನ ನೂಕುತ್ತಾಳೆ ಎಂಬುದು ನನಗೆ ಗೊತ್ತು. ಇಲ್ಲಿ ನಾವು ಕ್ಷೇಮ. ನಿಮ್ಮವ್ವನ ಕೈಯ ಪ್ಲಾಸ್ಟರ್ ಇನ್ನೂ ತೆಗೆದಿಲ್ಲ. ಬಾಯಿಗೆ ಪ್ಲಾಸ್ಟರ್ ಹಾಕುವ ಡಾಕ್ಟರು ಮಾತ್ರ ಸಿಕ್ಕಿಲ್ಲ.

ಇದನ್ನು ಟಪಾಲಿಗೆ ಹಾಕಿದರೆ ಹನ್ನೆರಡು ದಿನ. ಕರಾರಿಗೆ ಸಹಿ ಮಾಡುವ ದಿನವೆಂದು ನಿನ್ನ ಕಾರ್ಡಿನಲ್ಲಿರುವುದು ಹದಿನೈದನೇ ತಾರೀಖು. ಅದಕ್ಕೇ ಕುಂಭಾರಿಯ ತುಕಾರಾಮನ ಕೈಯಲ್ಲಿ ಕೊಡುತ್ತಿದ್ದೇನೆ. ರಜೆ ಮುಗಿಸಿ ಅವನೂ ಕುವೈತಿಗೆ ಹೊರಟಿದ್ದಾನೆ, ಮುಂಬಯಿ ಗಾಡಿ ಹಿಡಿಯಬೇಕು. ಅವನು ಊಟ ಮಾಡಿ ಬರುವುದರೊಳಗೆ ಬರೆದು ಮುಗಿಸಬೇಕು. ಆಗಲೇ ನಾಲ್ಕು ಸಾರಿ ಬೆಂಚಿನಿಂದೆದ್ದು ಖಾನಾವಳಿಯ ಬಾಗಿಲು ಇಣುಕಿ ಬಂದೆ.

ನೀನು ಮೊದಲ ಸಾರಿ ಹೋದಾಗ ಟಿಕೆಟ್ಟಿನ ವೇಳೆಯನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಮುಂಬಯಿ ಬಿಡುವುದು ಎಂಟಕ್ಕೆ, ಕುವೈತ್ ಮುಟ್ಟುವುದು ಒಂಬತ್ತೂವರೆಗೆ. ಇಪ್ಪತ್ತೆರಡು ವರ್ಷ ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಬಸ್ಸುಗಳ ವೇಳೆ ಬರೆದವನು ನಾನು. ಒಂದೂವರೆ ತಾಸು ಅಂದರೆ ನಮ್ಮ ಸೋಲಾಪುರ ಬಸ್ಸು ಕುಂಭಾರಿಯಲ್ಲಿ ಪಂಕ್ಚರ್ ಆಗಿ ಬಂದಷ್ಟು ಹೊತ್ತು. ಊರಿಗೆಲ್ಲ ಹಾಗೇ ಹೇಳಿಕೊಂಡು ತಿರುಗಿದೆ. ನಿಮ್ಮವ್ವ ಬಿದ್ದು ಕೈ ಮುರಿದುಕೊಂಡಾಗಲೂ ನೀನು ಬರಲಿಲ್ಲವಲ್ಲ, ಆಗ ಸಿಟ್ಟು ನೆತ್ತಿಗೇರಿತು. ‘ಒಂದೂವರೆ ತಾಸಿನ ದಾರಿ, ಮನಸ್ಸಿದ್ದರೆ ಮಾರ್ಗ, ನೀನಿನ್ನು ಬರುವುದೇ ಬೇಡ’ ಎಂದು ಬರೆದೆ. ‘ಆಯಿತು ಅಪ್ಪಾ, ಹದಿನೈದಕ್ಕೆ ಇನ್ನೂ ಮೂರು ವರ್ಷದ ಕರಾರಿಗೆ ಸಹಿ ಮಾಡುತ್ತೇನೆ’ ಎಂದು ನೀನು ಒಂದೇ ಸಾಲು ಬರೆದೆ. ಕಾರ್ಡು ಬಂದು ಮೂರು ದಿನ. ಆ ಸಾಲು ನನ್ನನ್ನು ಕೂಡಗೊಟ್ಟಿಲ್ಲ, ನಿಲ್ಲಗೊಟ್ಟಿಲ್ಲ.

ಇವತ್ತು ತುಕಾರಾಮನ ಟಿಕೆಟ್ ಇಸಿದುಕೊಂಡು ನೋಡಿದೆ. ಹೋಗುವುದು ಅದೇ ಒಂದೂವರೆ ತಾಸು. ಬರುವುದು ಮಾತ್ರ ಹತ್ತಕ್ಕೆ ಬಿಟ್ಟು ನಾಲ್ಕೂವರೆಗೆ, ಅಂದರೆ ಆರೂವರೆ ತಾಸು. ನಮ್ಮ ಬಸ್ಸು ಹೀಗೆ ಮಾಡಿದ್ದರೆ ಡ್ರೈವರನಿಗೆ ಮೆಮೊ ಕೊಡುತ್ತಿದ್ದೆ. ಬರುವಾಗ ವಿಮಾನವನ್ನು ಚಹಾಕ್ಕೆ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿದೆ. ತುಕಾರಾಮ ನಕ್ಕು, ‘ಕಾಕಾ, ಅಲ್ಲಿ ಗಡಿಯಾರ ನಮ್ಮಕಿಂತ ಎರಡೂವರಿ ತಾಸು ಹಿಂದ ಅದರಿ. ಹೋಗಾಕೂ ನಾಕು ತಾಸು, ಬರಾಕೂ ನಾಕು ತಾಸು. ಸಾವಿರದ ಏಳ್ನೂರು ಮೈಲಿ ಅದ. ಅದೂ ಕೆಲಸಕ್ಕ ಇಟ್ಕೊಂಡವರು ರಜಾ ಕೊಟ್ಟರ ಬರೂದು, ನಮ್ಮ ಪಾಸ್‌ಪೋರ್ಟ್ ಅವರ ಕಡೀನೇ ಇರತದ’ ಅಂದ. ನನಗೆ ನಗು ಬರಲಿಲ್ಲ. ಗಡಿಯಾರವನ್ನು ನಂಬಿದೆ, ಹೆತ್ತ ಮಗಳನ್ನು ನಂಬಲಿಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸ್ಟ್ಯಾಂಡಿನ ನಳದಲ್ಲಿ ಮುಖ ತೊಳೆದುಕೊಂಡು ಬಂದು ಬರೆಯಲು ಕೂತೆ.

ಕೆಲಸ ನಿನಗೆ ಸೇರಿದ್ದರೆ ಸಹಿ ಮಾಡು, ನಾನು ಅಡ್ಡ ಬರುವುದಿಲ್ಲ. ಅಪ್ಪ ಬೇಡ ಅಂದ ಎಂದು ಮಾತ್ರ ಮಾಡಬೇಡ. ತಪ್ಪು ನನ್ನದು. ನೂರು ಕಾಲ ಸುಖವಾಗಿರು.

ನಿನ್ನ ಅಪ್ಪ,
ದುರ್ಗಪ್ಪ

ತಾ.ಕ.: ತುಕಾರಾಮ ಬಂದು ನಿಂತಿದ್ದಾನೆ. ಇನ್ನೊಂದು ತಪ್ಪು ಹೇಳುವುದು ಉಳಿಯಿತು. ಓದಲು ಬಾರದ ನಿಮ್ಮವ್ವ ನಿನ್ನ ಕಾರ್ಡನ್ನು ನನ್ನ ಕೈಯಲ್ಲಿ ಓದಿಸಿದಳು. ಇದ್ದದ್ದನ್ನು ಓದಲು ನಾಲಿಗೆ ಏಳಲಿಲ್ಲ. ‘ಬರೂ ತಿಂಗಳ ಎಳ್ಳಮಾಸಿ ಹಬ್ಬಕ್ಕ ಬರ್ತಾಳಂತ’ ಎಂದುಬಿಟ್ಟೆ. ಕೈ ಆಗದ್ದಕ್ಕೆ ಅವಳು ನಿನ್ನ ಕೌದಿಯನ್ನು ಕಾಲಲ್ಲೇ ತುಳಿದು ಒಗೆದು ಒಣಹಾಕಿದಳು. ನೀನು ಬರುವುದು ಯಾವ ತಾರೀಖು ಎಂದು ತುಕಾರಾಮನನ್ನು ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದ್ದಾಳೆ. ಬರುವುದಾದರೂ ಸರಿ, ಇಲ್ಲವಾದರೂ ಸರಿ, ಒಂದು ತಂತಿ ಕೊಡು. ಈ ಸಾರಿ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳುತ್ತೇನೆ.