ಮಯೂರಿಯ ಬಾಗಿದ ಮೊಳಕೈ

ಕಲ್ಯಾಣ ಪಶ್ಚಿಮ,
ಸೋಮವಾರ, ೧೨ ಜನವರಿ ೨೦೨೬

ಪ್ರೀತಿಯ ಅಜ್ಜಿಗೆ ಮೊಮ್ಮಗಳು ಮಯೂರಿಯ ಶರಣು.

ಆರಾಮ ಅದಿಯಿಲ್ಲೋ? ಹುಬ್ಬಳ್ಳಿ ಚಳಿಗೆ ಮೊಣಕಾಲು ಹಿಡಕೊಂಡಿರಬೇಕು, ದಿನಾ ಬಿಸಿನೀರಿನ ಶೇಕ ತಗೋ. ಫೋನಿನಾಗ ನಿನಗ ಕೇಳಿಸೂದಿಲ್ಲ, ನಾ ಒದರಿದ್ರ ಕೆಳಗಿನ ಮನಿ ಮರಾಠಿ ಕಾಕೂಗ ಎಲ್ಲಾ ಗೊತ್ತಾಗ್ತೈತಿ. ಅದಕ್ಕ ನೀ ಕಲಿಸಿದ ಅಕ್ಷರದಾಗ ಬರ್ಯಾಕತ್ತೀನಿ. ತಪ್ಪಿದ್ರ ನಗಬ್ಯಾಡ.

ಅಜ್ಜಿ, ನನ್ನ ಬೌಲಿಂಗ್ ಸರಿ ಐತಿ ಅಂತ ಇವತ್ತ ರಿಪೋರ್ಟ್ ಬಂತು! ಬೆಳಿಗ್ಗಿಂದ ಎಲ್ಲಾರೂ ನಗಾಕತ್ತೀವಿ. ನಾ ಭಾರತದ ಪರವಾಗಿ ಆಡಿದ ಎರಡನೇ ಮ್ಯಾಚ್ ನಿನಗ ನೆನಪೈತಿ, ನನಗ ಮೂರು ವಿಕೆಟ್ ಬಿದ್ದಾಗ ಅಪ್ಪ ಉಲ್ಹಾಸನಗರದ ಅರಿವಿ ಅಂಗಡಿ ಮುಂದ ಪೇಢಾ ಹಂಚಿದ್ದ. ಅವತ್ತ ಸಂಜಿಕೆನ ಅಂಪೈರ್, ಈ ಹುಡುಗಿ ಬೌಲ್ ಮಾಡಾಕತ್ತಿಲ್ಲ, ಕೈ ಮಡಚಿ ಎಸಿಯಾಕತ್ತಾಳ ಅಂತ ದೂರು ಕೊಟ್ರು. ಮುಂದಿನ ಮ್ಯಾಚಿಗೆ ನನ್ನ ಹೊರಗ ಕುಂದರಿಸಿದ್ರು. ನೀರಿನ ಬಾಟ್ಲಿ ಹೊತ್ಕೊಂಡು ಓಡುವಾಗ ಸ್ಟ್ಯಾಂಡಿನಾಗಿಂದ ಯಾರೋ ‘ಫೇಕೀ, ಫೇಕೀ’ ಅಂತ ಕೂಗಿದ್ರು, ಅಂದ್ರ ಚೆಂಡು ಎಸಿಯಾಕಿ ಅಂತ. ಟಿವಿಯವ್ರು ನನ್ನ ಮೊಳಕೈನ ನಿಧಾನಕ್ಕ ತೋರಿಸಿದ್ದ ತೋರಿಸಿದ್ದು. ಅದನ್ನ ನೋಡಲಾರದ ನೀ ನಮ್ಮನ್ನ ಬಿಟ್ಟು ಹುಬ್ಬಳ್ಳಿಗೆ ಸೋದರತ್ತಿ ಮನಿಗೆ ಹೊಂಟುಬಿಟ್ಟಿ. ಸಣ್ಣಾಕಿದ್ದಾಗ ನಾ ಚಾಳದ ಮೆಟ್ಟಲದಿಂದ ಬಿದ್ದು ಕೈ ಮುರಕೊಂಡಾಗ, ದವಾಖಾನಿ ಬಿಟ್ಟು ನಾಟಿ ಪಟ್ಟಿ ಕಟ್ಟಿಸಿದ್ದಿ. ಕೈ ಪೂರಾ ನೆಟ್ಟಗಾಗಲಿಲ್ಲ. ‘ಈ ಕೂಸಿನ ಬಾಳನ್ನ ನಾನ ಹಾಳ ಮಾಡಿದ್ನಲ್ಲ’ ಅಂತ ಸ್ಟೇಷನ್‌ದಾಗ ಕಣ್ಣೀರು ಹಾಕಿದಿ. ಆ ಮಾತು ನನಗ ಫೇಕೀ ಅಂದದ್ದಕ್ಕಿಂತ ಹೆಚ್ಚು ಚುಚ್ಚಿತು.

ಬೌಲಿಂಗ್ ಪರೀಕ್ಷೆಗೆ ಹೋಗೂ ಮುಂದ ಗೆಳತಿ ಕುಶಲ ಹೇಳಿದ್ಲು, ‘ಅಲ್ಲಷ್ಟ ಬ್ಯಾರೆ ನಮೂನಿ ಹಾಕಿ ಪಾರಾಗು.’ ಮನಸು ಡೋಲಾಯಮಾನ ಆಗಿದ್ದು ಸುಳ್ಳಲ್ಲ. ಅಲ್ಲಿ ಕೈ ತುಂಬ ಸಣ್ಣ ಹೊಳಿಯೋ ಗುಂಡು ಅಂಟಿಸಿದ್ರು, ಸುತ್ತ ಕ್ಯಾಮೆರಾ. ಮೊದಲನೇ ಚೆಂಡು ಜಾರಿ ಗ್ವಾಡಿಗೆ ಹೋತು. ಅಲ್ಲಿದ್ದ ಮರಾಠಿ ಡಾಕ್ಟರ್ ಬಾಯಿ ‘ಘಾಬರೂ ನಕೋ ಬಾಳಾ’, ಅಂಜಬ್ಯಾಡ ಕೂಸ ಅಂತ ನೀರು ಕೊಟ್ರು. ನೀರು ಕುಡದೆ. ಬ್ಯಾರೆ ನಮೂನಿ ಹಾಕಿ ಪಾರಾದ್ರ ನಾಳೆ ಮೈದಾನದಾಗ ಯಾವ ಮುಖ ಇಟ್ಕೊಂಡು ಹಾಕಲಿ ಅನ್ನಿಸ್ತು. ದಿನಾ ಹಾಕಿದಂಗನ ಹಾಕಿದೆ.

ನನ್ನ ಕೈ ಬಾಗೈತಿ, ಖರೆ. ಆದ್ರ ಚೆಂಡು ಬಿಡೂತನಕ ಹೆಂಗ ಬಾಗೈತೋ ಹಂಗ ಇರ್ತೈತಂತ. ಬಾಗಿದ ಕೈ ತಪ್ಪಲ್ಲ, ಮಡಚಿದ್ದನ್ನ ಬಿಚ್ಚಿ ಎಸಿಯೂದು ತಪ್ಪು. ಹುಟ್ಟಾ ನೆಟ್ಟಗಿರೋ ಕೈಯವ್ರೂ ಹಿಂಗ ಪರೀಕ್ಷೆಗೆ ಬರ್ತಾರಂತ ಡಾಕ್ಟರ್ ಬಾಯಿ ಹೇಳಿದ್ರು. ಅಪ್ಪ ರಿಪೋರ್ಟ್ ಓದಿ ಚಪ್ಪಲಿ ಹಾಕ್ಕೊಂಡ ದೇವರ ಕ್ವಾಣಿಗೆ ಹೋದ. ಅವ್ವ ಬೈಯಲಿಲ್ಲ, ತಿಳೀತಲ್ಲ?

ಸೋದರತ್ತಿಗೆ, ಮಾಮಾಗ ನನ್ನ ಶರಣು ಹೇಳು. ಕಣ್ಣ ಮುಚ್ಚಿ ನಿದ್ದಿ ಮಾಡು, ಅಜ್ಜಿ.

ನಿನ್ನ ಕೂಸು,
ಮಯೂರಿ

ತಾ. ಕ.: ಲಕೋಟಿ ಅಂಟಿಸೂ ಹೊತ್ತಿಗೆ ಫೋನ್ ಬಂತು. ೨೫ಕ್ಕ ಇಲ್ಲೇ ಸನೇದ ನೆರೂಳದಾಗಿನ ಮ್ಯಾಚಿಗೆ ನನ್ನ ಹೆಸರು ಐತಿ. ಅಪ್ಪ ಹುಬ್ಬಳ್ಳಿಗೆ ಬರಾಕ ಒಂದ ಟಿಕೀಟು, ತಿರುಗಿ ಬರಾಕ ಎರಡು ತಗಿಸ್ಯಾನ. ಇಲ್ಲ ಅನಬ್ಯಾಡ.