ಬೀಗ ಬೀಳದ ಕಾರ್ಖಾನೆ, ಬಿಚ್ಚಿದ ರವಕೆಗಳು

ಉದ್ಯೋಗ ತರಬೇತಿಯ ಮಾನ್ಯ ಅಧಿಕಾರಿಗಳೇ,

ಒಬ್ಬರ ಕೆಲಸವನ್ನೂ ತೆಗೆಯದೆ ನೀವು ಬಿಜೂರಿನ ವ್ಯಾಪಾರವನ್ನೆಲ್ಲ ಮಲಗಿಸಿದ್ದೀರಿ. ಇಂಥ ಕೈಚಳಕ ಎಲ್ಲರಿಗೂ ಬರುವುದಲ್ಲ. ಮೊದಲು ನನ್ನ ಅಭಿನಂದನೆ ಸ್ವೀಕರಿಸಬೇಕು.

ಕಳೆದ ತಿಂಗಳು ನಮ್ಮೂರ ಗೇರುಬೀಜ ಕಾರ್ಖಾನೆಯ ಗೇಟಿಗೆ ‘ಪರ್ಯಾಯ ಉದ್ಯೋಗ ತರಬೇತಿ’ ಎಂಬ ಬ್ಯಾನರ್ ಕಟ್ಟಿಸಿ, ಮೈಕಿನಲ್ಲಿ ಭಾಷಣ ಮಾಡಿ, ಚಹಾ ಕುಡಿದು ಹೋದಿರಿ. ಇರುವ ಉದ್ಯೋಗ ಏನಾಗುತ್ತದೆಂದು ಮಾತ್ರ ಹೇಳಲಿಲ್ಲ. ಬೀಜ ಸುಲಿಯುವ ಹೆಂಗಸರಿಗೆ ಓದಲು ಬಾರದೆಂದುಕೊಂಡಿರೇ? ಓದಿದರು. ಕಾರ್ಖಾನೆ ಮುಚ್ಚುತ್ತದೆಂದು ಅರ್ಥವನ್ನೂ ಮಾಡಿಕೊಂಡರು.

ನಾನು ಏಳನೇ ತರಗತಿ ಓದಿದ ಟೈಲರ್. ನಾನು ಹೊಲಿದ ರವಕೆ ಬಿಗಿಯಾಯಿತೆಂದು ಮರವಂತೆಯಿಂದ ಬೈಂದೂರಿನವರೆಗೆ ಯಾರೂ ದೂರಿದ್ದಿಲ್ಲ. ದೂರಿದ್ದರೆ ಅವರೇ ದಪ್ಪಗಾಗಿದ್ದಾರೆ. ಚೌತಿ ಬಂತೆಂದರೆ ಕಾರ್ಖಾನೆಯ ಹೆಂಗಸರು ಹೊಸ ರವಕೆಗೆ ನನ್ನಲ್ಲಿ ಸಾಲು ನಿಲ್ಲುವುದು ವಾಡಿಕೆ. ಈ ಸಲ ಬೀಜ ಸುಲಿಯುವ ಸ್ವರ್ಣಲತಾ ಹಳೆಯದನ್ನೇ ಹಿಡಿದು ಬಂದಳು.

“ಹ್ವಾಯ್, ಇದ್ರ ಬದಿ ಬಿಚ್ಚಿ ಸಡ್ಲ ಮಾಡಿ ಕೊಡಿ. ಹೊಸ್ದ್ ಬ್ಯಾಡ. ಕೆಲ್ಸ ಹ್ವಾರೆ ಎಂತ ಮಾಡುದ್?”

“ಕೆಲ್ಸ ಹೋತ್ ಅಂದೇಳಿ ಯಾರ್ ಹೇಳದ್ದ್?”

“ಯಾರೂ ಹೇಳ್ಲಿಲ್ಲ. ಹೇಳಿರೆ ಇಷ್ಟ್ ಹೆದ್ರಿಕಿ ಇರ್ತಿರ್ಲಿಲ್ಲ.”

ಹೆದರಿಕೆ ಅವಳಲ್ಲೇ ನಿಲ್ಲಲಿಲ್ಲ. ಕಾರ್ಖಾನೆಯ ಹೆಂಗಸರು ಕೊಳ್ಳದೆ, ಮೀನು ಮಾರುವ ಬೆಳ್ಳಿ ಎಂಬವಳ ಬುಟ್ಟಿಯಲ್ಲಿ ಬಂಗುಡೆ ಸಂಜೆವರೆಗೂ ಉಳಿಯತೊಡಗಿತು. ಅರ್ಧ ಬುಟ್ಟಿ ಸಾಕೆಂದು ಅವಳು ರತೀಶನ ರಿಕ್ಷಾ ಬಿಟ್ಟು ಬಸ್ಸು ಹಿಡಿದಳು. ರತೀಶ ಮಗಳ ಲಂಗ ಹೊಲಿಸುವುದನ್ನು ಮುಂದಕ್ಕೆ ಹಾಕಿದ. ಕಾರ್ಖಾನೆ ಮಾತ್ರ ಬೆಳಿಗ್ಗೆ ಎಂದಿನಂತೆ ಸೈರನ್ ಊದುತ್ತಿದೆ! ಸಂಬಳವೂ ಬರುತ್ತಿದೆ, ಬಂದು ಡಬ್ಬಿಯೊಳಗೆ ಅವಿತು ಕೂರುತ್ತಿದೆ. ನಿಮ್ಮ ದಪ್ಪ ಪುಸ್ತಕಗಳು ಇದಕ್ಕೆ ಏನು ಹೆಸರಿಟ್ಟಿವೆಯೋ, ನನಗೆ ತಿಳಿಯದು.

ನನ್ನಲ್ಲಿ ಹುಕ್ಕು ಹಾಕಿ ಕೈಹೊಲಿಗೆ ಮಾಡುವವಳು ರಾಜೀವಿ. ಹಳೇ ರವಕೆಗಳಿಗೆ ಹುಕ್ಕು ಇದ್ದೇ ಇದೆಯಲ್ಲ? ಮೊನ್ನೆ ಅವಳೇ ಕೇಳಿದಳು: “ಅಣ್ಣಾ, ನಾ ನಾಳಿಂದ ಬರ್ಕಾ, ಬ್ಯಾಡ್ದಾ?” ಊರಿಡೀ ಬಾಯಿ ಹಾಕುವ ನಾನು ಕೈಯಲ್ಲೇ ಇದ್ದ ಕತ್ತರಿಯನ್ನು ಮೇಜಿನಡಿ ಹುಡುಕತೊಡಗಿದೆ. ಕಾರ್ಖಾನೆಯಲ್ಲಿ ಎಲ್ಲರ ಕೆಲಸವೂ ಗಟ್ಟಿಯಾಗಿದೆ. ಹೋಗುವುದಿದ್ದರೆ ಮೊದಲು ಹೋಗುವುದು ಆ ಗೇಟನ್ನೇ ದಾಟದ ಇವಳದು.

ಆದ್ದರಿಂದ ಬರುವ ಶನಿವಾರ ಅದೇ ಗೇಟಿಗೆ, ಅದೇ ಮೈಕಿನೊಂದಿಗೆ ಬನ್ನಿ. ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಾರ್ಖಾನೆ ಮುಚ್ಚುತ್ತದೋ ಇಲ್ಲವೋ ಎಂದು ಬಾಯಿಬಿಟ್ಟು ಹೇಳಿ. ಮುಚ್ಚುವುದಾದರೂ ಹೇಳಿ, ಹೆದರಲಿಕ್ಕೂ ಒಂದು ಅಳತೆ ಬೇಕು. ಅಲ್ಲಿಯವರೆಗೆ ರಾಜೀವಿಯ ಸ್ಟೂಲನ್ನು ನಾನು ತೆಗೆಯುವುದಿಲ್ಲ. ನನ್ನದೇ ಅಂಗಿಯ ಗುಂಡಿ ಕಿತ್ತು ಕೊಡುತ್ತೇನೆ, ಹಾಕುತ್ತಿರಲಿ. ನನಗಿರುವುದು ಮೂರೇ ಅಂಗಿ. ಬೇಗ ಬನ್ನಿ.

ಇಂತಿ,
ಹೊಲಿಯುವುದು ಬಿಟ್ಟು ಬಿಚ್ಚುವುದರಲ್ಲಿ ಪಳಗುತ್ತಿರುವ
ಕುಷ್ಟ ಟೈಲರ್, ಬಿಜೂರು