ಮೂವತ್ತೆರಡು ನಿಮಿಷ

ಜನವರಿ 8, ಬುಧವಾರ

ನಲವತ್ತೊಂದು ನೋಟ್‌ಬುಕ್ ತಿದ್ದಿ ಮುಗಿಸಿದೆ. ಸರಾಸರಿ ಎಲ್ಲರಿಗೂ ಬಂದಿದೆ. ‘ಈ ಎರಡು ಪಟ್ಟಿಗಳಿಗೆ ಏನು ವ್ಯತ್ಯಾಸ?’ ಎಂದದ್ದಕ್ಕೂ ಎಲ್ಲರದು ಒಂದೇ ಉತ್ತರ — ಸರಾಸರಿ ಒಂದೇ, ಹಾಗಾಗಿ ವ್ಯತ್ಯಾಸವಿಲ್ಲ. ಏರಿಳಿತ, ಹರಡಿಕೆ ಎಂದು ವಾರವಿಡೀ ಗಂಟಲು ಹರಿದುಕೊಂಡದ್ದೇ ಬಂತು.

ಪುಸ್ತಕದ ಲೆಕ್ಕ ಸಾಕು. ಮನೆಯಿಂದ ಶಾಲೆಗೆ ಎಷ್ಟು ನಿಮಿಷ, ಹತ್ತು ದಿನ ಬರೆದು ತನ್ನಿ ಎಂದಿದ್ದೇನೆ.

‘ಎಂಟೂಮುಕ್ಕಾಲು’ ಇವತ್ತೂ ತಡ. ಎಂಟೂವರೆಗೆ ಬೆಲ್, ಇವಳು ಬರುವುದು ಎಂಟೂಮುಕ್ಕಾಲಿಗೆ. ಹೆಸರು ಹುಡುಗರು ಇಟ್ಟದ್ದು. ಹೊರಗೆ ನಿಲ್ಲಿಸಿದೆ. ಕಿಟಕಿಯಿಂದಲೇ ಹೋಮ್‌ವರ್ಕ್ ಬರೆದುಕೊಂಡಳು.

ಜನವರಿ 22, ಬುಧವಾರ

ಎರಡು ಪಟ್ಟಿ ಬೋರ್ಡಿಗೆ ಹಾಕಿದೆ. ಸೈಕಲ್ಲಿನಲ್ಲಿ ಬರುವ ಕ್ಲಾಸ್ ಲೀಡರನದು — 31, 33, 32, 32, 31, 33, 32, 32, 33, 31.

ಎಂಟೂಮುಕ್ಕಾಲಿನದು — 22, 24, 23, 55, 21, 24, 54, 22, 53, 22.

ಎರಡರ ಸರಾಸರಿಯೂ ಮೂವತ್ತೆರಡು!

“ಮಿಸ್, ಐವತ್ತೈದು ಅಂತ ಸುಮ್ನೆ ಹಾಕ್ಕೊಂಡಿದಾಳೆ,” ಎಂದ ಲೀಡರ್. “ಲೇಟಿಗೊಂದು ನೆಪ.” ಎಲ್ಲರೂ ನಕ್ಕರು.

ಅವಳು ಎದ್ದು ನಿಂತಳು. “ರೈಲ್ವೆ ಗೇಟ್ ಹಾಕಿದ್ರೆ ಐವತ್ತೈದು. ಹಾಕದಿದ್ರೆ ಇಪ್ಪತ್ತೆರಡು. ಮೂವತ್ತೆರಡು ನಂಗೆ ಒಂದಿನಾನೂ ಆಗಿಲ್ಲ ಮಿಸ್.”

ನಾನು ವಾರವಿಡೀ ಹೇಳಲಾಗದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ಆದರೂ... ಗೇಟಿನಲ್ಲಿ ಅರ್ಧ ಗಂಟೆಯೇ?

ಜನವರಿ 24, ಶುಕ್ರವಾರ

ನಿನ್ನೆ, ಇವತ್ತು ಅವಳ ಸ್ಟಾಪಿಗೇ ಹೋಗಿ ಏಳೂಐವತ್ತರ ಬಸ್ ಹತ್ತಿದೆ. 22. 23. ಗೇಟು ತೆರೆದೇ ಇತ್ತು. ಇಳಿಯುವಾಗ ಅವಳ ಮುಖ ನೋಡಿದೆ. ಸಿಕ್ಕಿಬಿದ್ದೆಯಲ್ಲ ಎನ್ನುವಂತೆ ನೋಡಿದೆನೋ ಏನೋ.

“ಎರಡು ದಿನ ನೋಡಿದ್ರೆ ಗೊತ್ತಾಗುತ್ತಾ ಮಿಸ್?”

ಯಾರು ಯಾರಿಗೆ ಪಾಠ ಮಾಡುತ್ತಿದ್ದೇವೋ.

ಜನವರಿ 27, ಸೋಮವಾರ

ಗೇಟು ಹಾಕಿತ್ತು. ಒಂದು ಗೂಡ್ಸ್. ಗೇಟು ಏಳಲಿಲ್ಲ. ಬರೀ ಎಂಜಿನ್ ಒಂದು ಹಿಂದಕ್ಕೆ ಹೋಯಿತು. ಮತ್ತೊಂದು ಗೂಡ್ಸ್. ಡ್ರೈವರ್ ಬಸ್ ಆಫ್ ಮಾಡಿ ಸೀಟಿಗೊರಗಿದ.

“ಏಳೂಹತ್ತರ ಬಸ್ಸಿಗೆ ಯಾಕೆ ಬರಲ್ಲ?”

“ಅಜ್ಜಿನ ಒಬ್ಬರನ್ನೇ ಬಿಡೋ ಹಾಗಿಲ್ಲ ಮಿಸ್. ಸ್ಟೌ ಹಚ್ಚಿ ಮರೆತುಬಿಡ್ತಾರೆ. ಅಮ್ಮಂಗೆ ಆಸ್ಪತ್ರೆ ಲಾಂಡ್ರಿಲಿ ರಾತ್ರಿ ಪಾಳಿ, ಬರೋದು ಏಳೂನಲವತ್ತಕ್ಕೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

ಐವತ್ತನಾಲ್ಕು ನಿಮಿಷ. ಹೆಡ್‌ಮಿಸ್ ಬಾಗಿಲಲ್ಲೇ ವಾಚು ನೋಡುತ್ತ ನಿಂತಿದ್ದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹಾಜರಿ ಪುಸ್ತಕದಲ್ಲಿ ತಡವಾದವರ ಕೆಂಪು ಇಂಕಿನ ಗೆರೆಯ ಕೆಳಗೆ ಸಹಿ ಹಾಕಿದೆ.

ಕ್ಲಾಸಿನಲ್ಲಿ ಎಲ್ಲರೆದುರಿಗೇ ಹೇಳಿದೆ — ಇವಳನ್ನು ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು. ಅವಳು ತಲೆ ಬಗ್ಗಿಸಿಕೊಂಡಳು. ಲೀಡರ್ ತಾನೇ ಎದ್ದು ಬೋರ್ಡಿನಲ್ಲಿ ಅವಳ ಪಟ್ಟಿಯ ಕೊನೆಗೆ 54 ಸೇರಿಸಿದ.

ಜನವರಿ 28, ಮಂಗಳವಾರ

ಅವಳ ಮೊದಲ ಹತ್ತು ದಿನಕ್ಕೆ ಹುಡುಗರು ಬಿಡಿಸಿದ ಚುಕ್ಕಿ ಚಿತ್ರ ಹಿಡಿದು, ಗೇಟು ಹಾಕಿದ ದಿನ ತಡವಾದರೂ ಕ್ಲಾಸಿಗೆ ಬಿಡೋಣ ಎಂದು ಕೇಳಲು ಹೆಡ್‌ಮಿಸ್ ಹತ್ತಿರ ಹೋದೆ.

“ಸರಾಸರಿ ಮೂವತ್ತೆರಡು ಅಂತೀರಿ,” ಎಂದರು. “ಅಲ್ಲಿಗೆ ಎಂಟೂಇಪ್ಪತ್ತೆರಡಕ್ಕೆ ಬಂದಳು. ತಡ ಎಲ್ಲಿ?”

“ಮೂವತ್ತೆರಡರ ಹತ್ರ ಒಂದಾದರೂ ಚುಕ್ಕಿ ಇದೆಯಾ ನೋಡಿ ಮೇಡಂ.”

ಕನ್ನಡಕ ಹಾಕಿಕೊಂಡರು. ಎಡಗಡೆ ಒಂದು ಗುಂಪು, ಬಲಗಡೆ ಒಂದು ಗುಂಪು, ನಡುವೆ ಬರೀ ಬಿಳಿ. ತುಂಬ ಹೊತ್ತು ನೋಡಿದರು. “ಸರಿ, ಕ್ಲಾಸಿಗೆ ಸೇರಿಸ್ಕೊಳ್ಳಿ. ಆದ್ರೆ ಪಬ್ಲಿಕ್ ಪರೀಕ್ಷೆ ನನ್ನ ಕೈಲಿಲ್ಲ. ಎಂಟೂವರೆ ಆದ್ಮೇಲೆ ಯಾರನ್ನೂ ಒಳಗೆ ಬಿಡಲ್ಲ.”

ಅವಳಿಗೆ ಹೇಳಿದೆ. ಅದು ಅವಳಿಗೆ ಮೊದಲೇ ಗೊತ್ತಿತ್ತು.

“ಪರೀಕ್ಷೆಗೆ ಸರಾಸರಿ ದಿನ ಬರಲ್ಲ ಮಿಸ್. ಯಾವುದೋ ಒಂದು ದಿನ ಬರುತ್ತೆ.”

ಮಾರ್ಚ್ 19, ಬುಧವಾರ

ನಾಡಿದ್ದು ಗಣಿತ. ಅವಳಮ್ಮನಿಗೆ ರಜೆ ಸಿಕ್ಕಿಲ್ಲವಂತೆ. ಬೆಳಗ್ಗೆ ಅಜ್ಜಿಯ ಹತ್ತಿರ ಯಾರಾದರೂ ಕೂತರೆ ಅವಳಿಗೆ ಏಳೂಹತ್ತರ ಬಸ್ ಸಿಗುತ್ತದೆ ಎಂದು ಊಟಕ್ಕೆ ಕೂತಾಗ ಸುಮ್ಮನೆ ಇವರ ಕಿವಿಗೆ ಹಾಕಿದೆ. ರಿಟೈರಾದ ಮೇಲೆ ಕುರ್ಚಿ ಬಿಟ್ಟು ಕದಲದ ಮನುಷ್ಯ.

“ಅಲ್ಲಿ ಪೇಪರ್ ಬರುತ್ತಾ?” ಎಂದರು.

“ಇಲ್ಲಿಂದಾನೇ ತಗೊಂಡು ಹೋಗಿ.”

“ಹೂಂ.”

ಅಷ್ಟೇ. ಆಮೇಲೆ ಅಲಾರಂ ಇಟ್ಟು ನೋಡುತ್ತಿದ್ದರು — ಎರಡು ದಿನ ಮುಂಚೆಯೇ!

ಮಾರ್ಚ್ 21, ಶುಕ್ರವಾರ. ಬೆಳಗ್ಗೆ 9

ಗಣಿತದ ದಿನ ಗಣಿತದ ಟೀಚರಿಗೆ ಹಾಲ್ ಡ್ಯೂಟಿ ಇಲ್ಲ. ಸ್ಟಾಫ್ ರೂಮಿನಲ್ಲಿ ಕೂತಿದ್ದೇನೆ.

ಇವರು ಆರೂಮುಕ್ಕಾಲಿಗೇ ಅಜ್ಜಿಯ ಎದುರು ಹಾಜರು. ಅವಳು ಏಳೂಹತ್ತರ ಬಸ್ಸಿಗೆ ಬಂದು ಮೆಟ್ಟಿಲ ಮೇಲೆ ಸೂತ್ರ ಬಾಯಿಪಾಠ ಮಾಡುತ್ತಿದ್ದಳು.

“ಗೇಟ್ ತೆರೆದೇ ಇತ್ತು ಮಿಸ್. ಅಂಕಲ್‌ಗೆ ಸುಮ್ನೆ ತೊಂದ್ರೆ ಆಯ್ತು.”

“ತೆರೆದಿರುತ್ತೆ ಅಂತ ನಿನ್ನೆ ಗೊತ್ತಿತ್ತಾ?”

ನಕ್ಕಳು.

ಅವಳಮ್ಮ ಬಂದ ಮೇಲೂ ಇವರು ಅಲ್ಲಿಂದ ಎದ್ದಿಲ್ಲ. ಈಗ ಇವರ ಫೋನು. “ಅಜ್ಜಿ ನನ್ನನ್ನ ಲೈನ್‌ಮನ್ ಅಂದ್ಕೊಂಡಿದಾರೆ. ಕರೆಂಟ್ ಯಾಕೆ ತೆಗೆದೆ ಅಂತ ಒಂದೇ ಸಮ ಬೈಗುಳ.”

“ನೀವೇನಂದ್ರಿ?”

“ತಪ್ಪಾಯ್ತು ಅಂದೆ. ಕಾಫಿ ಕೊಟ್ರು.”

11.40

ಬೆಲ್ ಆಯಿತು. ಕಿಟಕಿಯಿಂದ ಹುಡುಕುತ್ತಿದ್ದೇನೆ. ಲೀಡರ್ ಬಂದ. ಮತ್ತೊಂದು ಗುಂಪು. ಇವಳು ಕಾಣುವುದಿಲ್ಲ... ಇಲ್ಲ, ಬಂದಳು. ಪ್ರಶ್ನೆಪತ್ರಿಕೆ ತಲೆಯ ಮೇಲೆ ಎತ್ತಿ ಹಿಡಿದು, ಈ ಕಡೆಗೇ ಓಡಿ ಬರುತ್ತಿದ್ದಾಳೆ, ‘ಎರಡು ಪಟ್ಟಿ ಮಿಸ್, ಎರಡು ಪಟ್ಟಿ’ ಎಂದೇನೋ ಕೂಗುತ್ತಿದ್ದಾಳೆ, ಕಿಟಕಿ ತೆಗೆದು ಕೇ—